ಸಾರಿನಲ್ಲಿ ಬೇಳೆಯೆಷ್ಟು?

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಊಟ ಬಲ್ಲವನಾಗುವುದು ಮುಂಬಯಿಯಂಥ ನಗರದಲ್ಲಿ ಸುಲಭದ ಮಾತಲ್ಲ. ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿಯುವ ಗುಮಾಸ್ತನಿಗೆ, ಎಂಟಕ್ಕೆ ನಾಕಾದಲ್ಲಿ ನಿಂತು ಅಂದಿನ ಕೆಲಸಕ್ಕಾಗಿ ಕಾಯುವ ಕೂಲಿಕಾರನಿಗೆ, ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಕಾವಲುಗಾರನಿಗೆ, ಏನು ತಿಂದೆವು ಎನ್ನುವುದಕ್ಕಿಂತ ಹೊಟ್ಟೆ ತುಂಬಿತೇ ಎನ್ನುವುದೇ ದೊಡ್ಡ ಪ್ರಶ್ನೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಶಕ್ತಿ ಕೂಡುವುದು ಬೇರೆ. ಈ ಎರಡನ್ನೂ ಕಡಿಮೆ ಖರ್ಚಿನಲ್ಲಿ ಒಟ್ಟಿಗೆ ಸಾಧಿಸಿಕೊಡುವ ಒಂದು ವಸ್ತು ಪ್ರತಿಯೊಂದು ಗಲ್ಲಿಯ ಕಿರಾಣಿ ಅಂಗಡಿಯಲ್ಲಿಯೂ ಉಂಟು. ಅದೇ ಕಾಳು. ಹೆಸರು, ಹುರುಳಿ, ಅಲಸಂದೆ, ಮಡಿಕೆ, ಕಡಲೆ, ಅವರೆ ಮೊದಲಾದ ದ್ವಿದಳ ಧಾನ್ಯಗಳ ವಿಚಾರವಾಗಿ ಇಲ್ಲಿ ನಾಲ್ಕು ಮಾತು ಹೇಳುವುದಿದೆ.

"ನಾವು ದಿನವೂ ಬೇಳೆ ತಿನ್ನುತ್ತೇವಲ್ಲ, ಇದರಲ್ಲಿ ಹೊಸತೇನು?" ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕನ್ನಡಿಗನ ಊಟ ಸಾರಿಲ್ಲದೆ, ಸಾಂಬಾರಿಲ್ಲದೆ ಆಗುವುದಿಲ್ಲ. ಆದರೆ ಸಾರು ಉಂಡೆವೆಂದರೆ ಬೇಳೆ ಉಂಡೆವೆಂದು ಅರ್ಥವೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಒಂದು ಊಟದ ಲೆಕ್ಕ

ನಾಲ್ಕು ಜನರ ಸಾರಿಗೆ ಸಾಮಾನ್ಯವಾಗಿ ಒಂದು ಹಿಡಿ, ಬಹಳವಾದರೆ ಒಂದೂವರೆ ಹಿಡಿ ತೊಗರಿಬೇಳೆ ಹಾಕುವುದು ವಾಡಿಕೆ. ಒಂದೂವರೆ ಹಿಡಿಯೆಂದರೆ ಸುಮಾರು ೬೦ ಗ್ರಾಂ. ಅದನ್ನು ನಾಲ್ವರಿಗೆ ಹಂಚಿದರೆ ತಲಾ ೧೫ ಗ್ರಾಂ. ಎರಡು ಹೊತ್ತು ಉಂಡರೂ ದಿನಕ್ಕೆ ೩೦ ಗ್ರಾಂ. ಖಾನಾವಳಿಯಲ್ಲಾಗಲಿ, ಹೋಟೆಲಿನ ರೈಸ್ ಪ್ಲೇಟಿನಲ್ಲಾಗಲಿ ಗಿರಾಕಿಗಳು ಹೆಚ್ಚಾದಂತೆ ಪಾತ್ರೆಗೆ ನೀರು ಬೀಳುವುದೂ ಉಂಟು. ಆಗ ಈ ೩೦ ಗ್ರಾಂ ಕೂಡ ದೊರೆಯುವ ಭರವಸೆಯಿಲ್ಲ.

ಇನ್ನು ಬೇಕಾದದ್ದು ಎಷ್ಟು? ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೪ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ, ಸಾಮಾನ್ಯ ಊಟ ಮಾಡುವ ವಯಸ್ಕನೊಬ್ಬನಿಗೆ ದಿನಕ್ಕೆ ೮೫ ಗ್ರಾಂ ಬೇಳೆ-ಕಾಳು ಇರಲಿ ಎಂದು ಹೇಳಿದೆ. ಮಾಂಸ, ಮೀನು, ಮೊಟ್ಟೆ ತಿನ್ನುವವರು ಇದರ ಒಂದು ಭಾಗವನ್ನು ಅವುಗಳಿಂದ ತುಂಬಿಕೊಳ್ಳಬಹುದು. ೮೫ ಗ್ರಾಂ ಅಂದರೆ ಎಷ್ಟೆಂದು ತಿಳಿಯಲು ತಕ್ಕಡಿ ಬೇಡ. ಕಟಿಂಗ್ ಚಹಾ ಕೊಡುವ ಸಣ್ಣ ಗ್ಲಾಸನ್ನು ಒಣ ಕಾಳಿನಿಂದ ತುಂಬಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಆ ಗ್ಲಾಸಿನಲ್ಲಿ ಚಹಾ ಕುಡಿಯುವ ನಾವು ಒಂದು ಬಾರಿ ಅದನ್ನು ಕಾಳಿನ ಅಳತೆಗೆ ಬಳಸಿದರೆ ಸಾಕು.

ಮೈಕಟ್ಟಿಗೆ ಬೇಕಾದ ಸಸಾರಜನಕ, ಅಂದರೆ ಈಗ ಎಲ್ಲರೂ ಪ್ರೋಟೀನು ಎಂದು ಕರೆಯುವ ಅಂಶ, ೬೫ ಕಿಲೋ ತೂಕದ ಗಂಡಸಿಗೆ ದಿನಕ್ಕೆ ೫೪ ಗ್ರಾಂ, ೫೫ ಕಿಲೋ ತೂಕದ ಹೆಂಗಸಿಗೆ ೪೬ ಗ್ರಾಂ ಇರಬೇಕೆಂದು ೨೦೨೦ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗೊತ್ತುಪಡಿಸಿದೆ. ಈಗ ನಮ್ಮ ಗುಮಾಸ್ತನ ದಿನವನ್ನು ನೋಡೋಣ. ಅನ್ನ, ಚಪಾತಿ, ಪಾವ್ ಎಲ್ಲ ಸೇರಿ ೩೫೦ ಗ್ರಾಂ ಧಾನ್ಯ ತಿಂದರೆ ಅದರಿಂದ ಸುಮಾರು ೩೦ ಗ್ರಾಂ ಸಸಾರಜನಕ. ಎರಡು ಹೊತ್ತಿನ ಸಾರಿನಿಂದ ೬ ಗ್ರಾಂ. ಮೂರು ಚಹಾದ ಹಾಲಿನಿಂದ ೪ ಗ್ರಾಂ. ಒಟ್ಟು ೪೦ರ ಆಸುಪಾಸು. ಕಾಯಿಪಲ್ಯದಿಂದ ಒಂದೆರಡು ಗ್ರಾಂ ಬಂದರೂ ಹನ್ನೆರಡರಷ್ಟು ಕಡಿಮೆಬೀಳುತ್ತದೆ. ಈ ಹನ್ನೆರಡು ಗ್ರಾಂ ಯಾವುದರಲ್ಲಿದೆ? ಸುಮಾರು ೫೫-೬೦ ಗ್ರಾಂ ಕಾಳಿನಲ್ಲಿದೆ. ಅಂದರೆ ಸಾರಿನ ಜೊತೆಗೆ ತಟ್ಟೆಯಲ್ಲಿ ಕಾಳಿನ ಒಂದು ಪಲ್ಯವೋ ಉಸಳಿಯೋ ಇದ್ದರೆ ಲೆಕ್ಕ ಸರಿಯಾಯಿತು. ಇಲ್ಲದಿದ್ದರೆ ದಿನ ದಿನವೂ ಸಾಲ ಬೆಳೆಯುತ್ತ ಹೋಗುತ್ತದೆ. ಈ ಸಾಲವನ್ನು ಯಾವ ಸಾಹುಕಾರನೂ ಬಂದು ಕೇಳುವುದಿಲ್ಲ. ನಲವತ್ತರ ಹೊತ್ತಿಗೆ ಬರುವ ಆಯಾಸ, ಬೇಗ ವಾಸಿಯಾಗದ ಗಾಯ, ಪದೇ ಪದೇ ಬರುವ ಜ್ವರದ ರೂಪದಲ್ಲಿ ದೇಹವೇ ಅದನ್ನು ವಸೂಲು ಮಾಡುತ್ತದೆ.

ಹೀಗೇಕಾಯಿತು?

ಮುಂಬಯಿಗೆ ಒಂಟಿಯಾಗಿ ಬಂದು ದುಡಿಯುವವನ ಊಟದ ಸಮಸ್ಯೆ ಇಂದಿನದಲ್ಲ. ಗಿರಣಿಗಳ ಕಾಲದಲ್ಲಿ ಪರೇಲ್, ಲಾಲ್‌ಬಾಗ್‌ಗಳ ಚಾಳುಗಳಲ್ಲಿ ಒಂದೊಂದು ಖೋಲಿಯಲ್ಲಿ ಪಾಳಿಯ ಪ್ರಕಾರ ಮಲಗಿ ಏಳುವ ಕೆಲಸಗಾರರಿದ್ದರು. ಅವರಿಗೆ ಊಟ ಹಾಕುತ್ತಿದ್ದವರು ಖಾನಾವಳಿ ನಡೆಸುವ ತಾಯಂದಿರು. ಆ ಹೆಂಗಸರನ್ನು ಒಗ್ಗೂಡಿಸಿ, ಬಡ್ಡಿ ಸಾಹುಕಾರರಿಂದ ಬಿಡಿಸಿ, ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದ್ದು ಪ್ರೇಮಾ ಪುರವ ಅವರು ೧೯೭೫ರಲ್ಲಿ ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಲ. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ತಿಂಗಳ ಲೆಕ್ಕದಲ್ಲಿ ಉಣ್ಣುತ್ತಿದ್ದ ಗಿರಾಕಿಗಳು ಚದುರಿದರು, ಖಾನಾವಳಿಗಳೂ ಕಡಿಮೆಯಾದವು.

ಇನ್ನೊಂದೆಡೆ ನಮ್ಮ ಕರಾವಳಿಯವರು ಈ ನಗರಕ್ಕೆ ಉಡುಪಿ ಊಟವನ್ನು ತಂದರು. ಮಾಟುಂಗಾದಲ್ಲಿ ಎ. ರಾಮ ನಾಯಕರು ೧೯೪೨ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೆಸರು ಕೇಳದ ಹಳೆಯ ಮುಂಬಯಿ ಕನ್ನಡಿಗರಿಲ್ಲ. ಹೊಟ್ಟೆತುಂಬ ಬಡಿಸುವ ಅಂಥ ಬೋರ್ಡಿಂಗುಗಳ ಊಟದಲ್ಲಿ ಸಾಂಬಾರಿನ ಜೊತೆ ಪಲ್ಯ, ಕೂಟುಗಳೂ ಇರುತ್ತಿದ್ದುವು. ಈಗ ಅವಸರ ಹೆಚ್ಚಾಗಿದೆ. ನಿಂತುಕೊಂಡು ತಿನ್ನುವ ವಡಾಪಾವ್ ಅನೇಕರಿಗೆ ಮಧ್ಯಾಹ್ನದ ಊಟವೇ ಆಗಿದೆ. ಅದನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಹಸಿದವನಿಗೆ ಅದು ಆಪ್ತಮಿತ್ರ. ಆದರೆ ಅದರಲ್ಲಿರುವುದು ಬಟಾಟೆ ಮತ್ತು ಮೈದಾ. ಕಡಲೆಯ ಹಿಟ್ಟು ಬಟಾಟೆಯ ಮೇಲಿನ ಒಂದು ತೆಳು ಹೊದಿಕೆ ಮಾತ್ರ.

ಮೂರನೆಯ ಕಾರಣ ಪಡಿತರದ್ದು. ಮುಂಬಯಿಗೆ ಪಡಿತರ ಪದ್ಧತಿ ಬಂದದ್ದು ಯುದ್ಧಕಾಲದಲ್ಲಿ, ೧೯೪೩ರಲ್ಲಿ. ಈಗ ೨೦೧೩ರ ಆಹಾರ ಭದ್ರತಾ ಕಾಯಿದೆಯ ಚೀಟಿಯುಳ್ಳವರಿಗೆ ಧಾನ್ಯ ಉಚಿತವಾಗಿ ದೊರೆಯುತ್ತದೆ. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಿಂದಾಗಿ ಕಲಬುರಗಿಯಲ್ಲೋ ವಿಜಯಪುರದಲ್ಲೋ ಮಾಡಿಸಿದ ಚೀಟಿಯ ಮೇಲೆ ಧಾರಾವಿಯಲ್ಲಿಯೂ ಧಾನ್ಯ ಪಡೆಯಬಹುದು. ಇದು ದೊಡ್ಡ ಅನುಕೂಲ. ಇನ್ನೂ ಉಪಯೋಗಿಸಿಕೊಳ್ಳದವರು ಸಮೀಪದ ಪಡಿತರ ಅಂಗಡಿಯಲ್ಲಿ ವಿಚಾರಿಸತಕ್ಕದ್ದು. ಆದರೆ ಆ ಕಾಯಿದೆ ಕೊಡುವುದು ಅಕ್ಕಿ, ಗೋಧಿ, ಜೋಳದಂಥ ಧಾನ್ಯಗಳನ್ನು. ಬೇಳೆ-ಕಾಳು ಅದರಲ್ಲಿಲ್ಲ. ಪುಕ್ಕಟೆ ಸಿಗುವ ಅನ್ನದ ಪಾಲು ತಟ್ಟೆಯಲ್ಲಿ ಬೆಳೆಯುವುದು, ಕೊಂಡು ತರಬೇಕಾದ ಕಾಳಿನ ಪಾಲು ಕುಗ್ಗುವುದು ಮನುಷ್ಯ ಸ್ವಭಾವ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ೧೯೬೧ರಲ್ಲಿ ತಲೆಗೆ ದಿನವೊಂದಕ್ಕೆ ೬೯ ಗ್ರಾಂ ಬೇಳೆ-ಕಾಳು ಒದಗುತ್ತಿತ್ತು. ೨೦೦೧ರ ಹೊತ್ತಿಗೆ ಅದು ೩೦ ಗ್ರಾಂಗೆ ಇಳಿದಿತ್ತು. ಮುಂದೆ ಮತ್ತೆ ಕೊಂಚ ಏರಿದರೂ ಹಳೆಯ ಮಟ್ಟಕ್ಕೆ ಬರಲಿಲ್ಲ. ಗೋಧಿ, ಭತ್ತಗಳಿಗೆ ಸಿಕ್ಕ ನೀರಾವರಿ, ಹೊಸ ತಳಿ, ಸರ್ಕಾರದ ಖರೀದಿ ಇವು ಕಾಳುಗಳಿಗೆ ಅಷ್ಟಾಗಿ ಸಿಗಲಿಲ್ಲವೆಂಬುದೇ ಇದರ ಮುಖ್ಯ ಕಾರಣ.

ಕಾಳಿನಲ್ಲಿ ಏನಿದೆ?

ನೂರು ಗ್ರಾಂ ಒಣ ಕಾಳಿನಲ್ಲಿ, ಜಾತಿಯನ್ನನುಸರಿಸಿ, ೧೯ರಿಂದ ೨೪ ಗ್ರಾಂ ಸಸಾರಜನಕವಿರುತ್ತದೆ. ಅಕ್ಕಿಯಲ್ಲಿ ಇರುವುದು ೮ ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ೬ ಗ್ರಾಂ. ಹಾಗಾದರೆ ನೂರು ಗ್ರಾಂ ಹೆಸರುಕಾಳು ಮೂರೂವರೆ ಮೊಟ್ಟೆಗೆ ಸಮನಾಯಿತು. ಇವತ್ತಿನ ಬೆಲೆಯನ್ನು ಅಂಗಡಿಯಲ್ಲಿ ಕೇಳಿ, ಯಾವುದು ಅಗ್ಗವೆಂದು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಕಾಳಿಗೂ ಧಾನ್ಯಕ್ಕೂ ಒಂದು ನೆಂಟಸ್ತಿಕೆಯುಂಟು. ಅಕ್ಕಿ, ಜೋಳ, ಗೋಧಿಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಘಟಕ ಕಡಿಮೆ. ಕಾಳಿನಲ್ಲಿ ಅದು ಯಥೇಚ್ಛ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರಾಗಿಮುದ್ದೆಗೆ ಹುರುಳಿಸಾರು, ಜೋಳದ ರೊಟ್ಟಿಗೆ ಮಡಿಕೆಕಾಳಿನ ಪಲ್ಯ, ಅಕ್ಕಿಗೆ ಉದ್ದು ಸೇರಿದ ಇಡ್ಲಿ, ದೋಸೆ, ಅಕ್ಕಿ-ಹೆಸರುಬೇಳೆಯ ಹುಗ್ಗಿ, ಇವನ್ನೆಲ್ಲ ನಮ್ಮ ಹೆಂಗಸರು ರಸಾಯನಶಾಸ್ತ್ರ ಓದಿ ಮಾಡಿದ್ದಲ್ಲ. ಆದರೂ ಶಾಸ್ತ್ರ ಅವರ ಮಾತನ್ನೇ ಒಪ್ಪಿಕೊಂಡಿದೆ. ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಬಡವರ ಪೋಷಣೆಗೆಂದು ಮೊದಲಿಗೆ ತಯಾರಿಸಿದ ಪದಾರ್ಥಗಳಲ್ಲಿ ಒಂದು ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿದ್ದೇ ಆಗಿತ್ತು.

ಕಾಳಿನ ಇನ್ನೊಂದು ಗುಣ ಅದರ ನಾರು. ಅದು ಮಲಬದ್ಧತೆಯನ್ನು ತಪ್ಪಿಸುತ್ತದೆ. ಕಾಳು ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಕುಳಿತು ಕೆಲಸ ಮಾಡುವ ಗುಮಾಸ್ತರಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ. ಬೇಗ ಹಸಿವಾಗದ್ದರಿಂದ ಸಂಜೆ ನಾಲ್ಕರ ಕರಿದ ತಿಂಡಿಯ ಖರ್ಚೂ ಉಳಿಯುತ್ತದೆ.

ಊರಿನ ಕಾಳು, ಇಲ್ಲಿನ ಹೆಸರು

ಊರಲ್ಲಿ ತಿನ್ನುತ್ತಿದ್ದ ಕಾಳು ಇಲ್ಲಿ ಸಿಗುವುದಿಲ್ಲವೆಂದು ಹೇಳುವವರುಂಟು. ಸಿಗದಿರುವುದು ಕಾಳಲ್ಲ, ಹೆಸರು. ನಮ್ಮ ಹುರುಳಿ, ತುಳುವಿನ ಕುಡು, ಇಲ್ಲಿ ಕುಳಿತ್ ಆಗಿದೆ. ಅಲಸಂದೆಗೆ ಚವಳಿ, ಮಡಿಕೆಗೆ ಮಟ್ಕಿ, ಅವರೆಗೆ ವಾಲ್, ಕಡಲೆಗೆ ಹರಭರಾ ಅಥವಾ ಚಣಾ, ತೊಗರಿಗೆ ತೂರ್, ಉದ್ದಿಗೆ ಉಡೀದ್ ಎಂದು ಕೇಳಬೇಕು. ತುಳುವರ ಪದೆಂಗಿ, ನಮ್ಮ ಹೆಸರು, ಇಲ್ಲಿ ಮೂಗ್. ಚನ್ನಂಗಿಬೇಳೆ ಮಸೂರ್ ಆಗಿದೆ. ವಾಲ್‌ನಲ್ಲಿ ಕಹಿಯಾದ ಸಣ್ಣ ಜಾತಿಯೂ ಉಂಟು; ಕೇಳಿ ಕೊಳ್ಳುವುದು ಒಳ್ಳೆಯದು.

ಈ ಹೆಸರುಗಳನ್ನು ತಿಳಿದರೆ ಇಲ್ಲಿನವರ ಅಡಿಗೆಯೂ ನಮ್ಮದಕ್ಕೆ ದೂರದ್ದಲ್ಲವೆಂದು ಕಾಣುತ್ತದೆ. ಕೊಂಕಣದವರ ಕುಳಿತ್ ಪಿಠಲೆಗೂ ಉತ್ತರ ಕರ್ನಾಟಕದವರ ಜುಣಕಕ್ಕೂ, ಮುಂಬಯಿಯ ಮಟ್ಕಿ ಉಸಳಿಗೂ ಬೆಳಗಾವಿ ಕಡೆಯ ಕಾಳುಪಲ್ಯಕ್ಕೂ, ಮೊಳಕೆ ಬಂದ ವಾಲ್ ಸುಲಿದು ಮಾಡುವ ಬಿರಡೆಗೂ ಹಳೆ ಮೈಸೂರಿನ ಹಿದುಕಿದ ಬೇಳೆ ಸಾರಿಗೂ ರಕ್ತಸಂಬಂಧವಿದೆ. ನಮ್ಮ ತೊಗರಿಯ ಕಣಜ ಕಲಬುರಗಿ. ಅಲ್ಲಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಳೆಯನ್ನೇ ನಂಬಿ ತೊಗರಿ ಬೆಳೆಯುವ ರೈತನ ಮನೆಯಿಂದಲೇ ಇಲ್ಲಿಗೆ ದುಡಿಯಲು ಬಂದವರು ನಮ್ಮಲ್ಲಿ ಅನೇಕರು. ಆತ ಬೆಳೆದದ್ದನ್ನು ಆತನ ಮಗ ಇಲ್ಲಿ ಸಾರಿನ ನೀರಾಗಿ ಮಾತ್ರ ಕಾಣಬೇಕಾಗಿ ಬರುವುದು ವಿಪರ್ಯಾಸವಲ್ಲವೇ?

ಕರಾವಳಿಯವರಿಗೆ ಮೀನುಂಟು, ಕೊರತೆ ಅಷ್ಟು ಕಡಿಮೆ. ಆದರೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ತಡೆಯಿರುವ ಜೂನ್-ಜುಲೈ ತಿಂಗಳುಗಳಲ್ಲಿ ಮೀನಿನ ಬೆಲೆ ಎಲ್ಲಿಗೇರುತ್ತದೆಂಬುದನ್ನು ಅವರಿಗೆ ಹೇಳಬೇಕಾಗಿಲ್ಲ. ಆಗ ಹುರುಳಿಸಾರು, ಹೆಸರು ಗಸಿ, ಮನೋಳಿ-ಕಡಲೆಗಳೇ ಗತಿ, ಒಳ್ಳೆಯ ಗತಿಯೇ. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ತಿನ್ನಿಸುತ್ತಾರೆಂಬುದನ್ನು ಯಾರೂ ಮರೆಯದಿರಲಿ.

ನೆನೆಸುವುದು, ಬೇಯಿಸುವುದು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬಂತೆ, ಕಾಳು ಕೊಳ್ಳಲು ಹಣವಿದ್ದರೂ ಬೇಯಿಸಲು ಹೊತ್ತಿಲ್ಲವೆಂಬುದೇ ಅನೇಕರ ಅಡಚಣೆ. ಇದಕ್ಕೆ ಪರಿಹಾರ ನೀರಿನಲ್ಲಿದೆ. ಕಾಳಿನ ಅಡಿಗೆಯ ಮುಕ್ಕಾಲು ಕೆಲಸವನ್ನು ನಾವು ಮಲಗಿರುವಾಗ ನೀರೇ ಮಾಡಿಕೊಡುತ್ತದೆ. ರಾತ್ರಿ ಮಲಗುವ ಮುನ್ನ ಕಾಳನ್ನು ಆರಿಸಿ, ಎರಡು ಸಲ ತೊಳೆದು, ಮೂರು ಪಟ್ಟು ನೀರಿನಲ್ಲಿ ನೆನೆಹಾಕಬೇಕು. ಕಡಲೆ, ಬಟಾಣಿ, ರಾಜ್ಮಾ, ಅವರೆ, ಹುರುಳಿಗಳಿಗೆ ಎಂಟು ತಾಸು ಬೇಕು. ಹೆಸರು, ಮಡಿಕೆ, ಅಲಸಂದೆಗಳಿಗೆ ನಾಲ್ಕು ಐದು ತಾಸು ಸಾಕು. ತೊಗರಿಬೇಳೆಯನ್ನೂ ಅರ್ಧ ತಾಸು ನೆನೆಸಿದರೆ ಗ್ಯಾಸು ಉಳಿಯುತ್ತದೆ. ೫ ಕಿಲೋ ಸಿಲಿಂಡರಿನಲ್ಲಿ ತಿಂಗಳು ನೂಕುವವರಿಗೆ ಇದು ಗಮನಿಸತಕ್ಕ ಮಾತು.

ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಬೇಕು. ಕಾಳು ತಿಂದರೆ ವಾಯುವಾಗುತ್ತದೆಂದು ದೂರುವವರು ಬಹಳ. ಕಾಳಿನಲ್ಲಿ ನಮ್ಮ ಹೊಟ್ಟೆಗೆ ಅರಗಿಸಲಾಗದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳನ್ನು ಸೇರಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ವಾಯು ಹುಟ್ಟುತ್ತದೆ. ಇವುಗಳಲ್ಲಿ ಒಂದು ಭಾಗ ನೆನೆಸಿದ ನೀರಿನೊಡನೆ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ಅಭ್ಯಾಸವಿಲ್ಲದವರು ಮೊದಲ ವಾರ ಎರಡು ಚಮಚೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಹೆಚ್ಚಿಸಲಿ. ಹೊಟ್ಟೆಯೂ ಹೊಸ ಬಾಡಿಗೆದಾರನಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಕೇಳುತ್ತದೆ.

ಮೊಳಕೆಗೆ ವಿಶೇಷ ಸಾಧನ ಬೇಡ. ನೆನೆದ ಕಾಳನ್ನು ಬಸಿದು, ತೆಳು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಾಳಿಯಾಡುವಲ್ಲಿ ತೂಗುಹಾಕಿದರೆ ಮುಂಬಯಿಯ ಸೆಕೆಯಲ್ಲಿ ಹನ್ನೆರಡರಿಂದ ಹದಿನೆಂಟು ತಾಸಿನೊಳಗೆ ಮೊಳಕೆ ಇಣುಕುತ್ತದೆ. ಮೊಳಕೆಯಲ್ಲಿ 'ಸಿ' ಜೀವಸತ್ವ ಹುಟ್ಟುತ್ತದೆ. ಕಬ್ಬಿಣದ ಅಂಶ ಮೈಗೆ ಹತ್ತುವುದೂ ಸುಲಭವಾಗುತ್ತದೆ. ಆದರೆ ಮೊಳಕೆಯೊಡೆಯುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಆದುದರಿಂದ ಮಳೆಗಾಲದಲ್ಲಂತೂ ಹಸಿಮೊಳಕೆ ತಿನ್ನಬಾರದು, ಬೇಯಿಸಿಯೇ ತಿನ್ನತಕ್ಕದ್ದು. ಲೋಳೆಯಾದ, ಹುಳಿವಾಸನೆ ಬಂದ ಮೊಳಕೆಯನ್ನು ದಾಕ್ಷಿಣ್ಯವಿಲ್ಲದೆ ಎಸೆಯಬೇಕು.

ಬೇಯಿಸುವಾಗ ನೆನಪಿಡಬೇಕಾದ ಮಾತುಗಳು ಮೂರು. ಮೊದಲನೆಯದು, ಹುಣಿಸೆ, ಟೊಮೇಟೊ, ಕೋಕಂ ಇವನ್ನು ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು; ಹುಳಿ ಬಿದ್ದರೆ ಕಾಳು ಬಿರುಸಾಗಿ ಉಳಿಯುತ್ತದೆ. ಎರಡನೆಯದು, ಬೇಗ ಬೇಯಲೆಂದು ಸೋಡಾ ಹಾಕಿದರೆ 'ಬಿ' ವರ್ಗದ ಕೆಲವು ಜೀವಸತ್ವಗಳು ಹಾಳಾಗುತ್ತವೆ. ಮೂರನೆಯದು, ಕೆಂಪು ರಾಜ್ಮಾದ ವಿಷಯದಲ್ಲಿ ಎಚ್ಚರ. ಅದರಲ್ಲಿ ಸಹಜವಾಗಿಯೇ ಒಂದು ವಿಷಾಂಶವಿದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಕೆಲವು ತಾಸಿನೊಳಗೆ ವಾಂತಿ, ಭೇದಿ ಆರಂಭವಾಗಬಹುದು. ಐದು ತಾಸಿಗಿಂತ ಹೆಚ್ಚು ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ಬಂದಮೇಲೆ ಅರ್ಧ ತಾಸಾದರೂ ಬಲವಾಗಿ ಕುದಿಸಬೇಕು, ಇಲ್ಲವೆ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಬೇಕು. ಸಣ್ಣ ಉರಿಯಲ್ಲಿ ಕುದಿಯದೆ ಬೆಚ್ಚಗಾಗುತ್ತಲೇ ಇದ್ದರೆ ವಿಷ ಹೋಗುವುದಿಲ್ಲ.

ಒಂಟಿ ಜೀವನದವರಿಗೆ ಒಂದೇ ಉರಿಯಲ್ಲಿ ಅನ್ನ, ಬೇಳೆ, ಪಲ್ಯ ಮೂರೂ ಆಗಲೆಂದು ಕಲಕತ್ತೆಯ ಇಂದುಮಾಧವ ಮಲ್ಲಿಕರು ೧೯೧೦ರ ಸುಮಾರಿಗೆ ಇಕ್ಮಿಕ್ ಕುಕ್ಕರ್ ಎಂಬ ಇದ್ದಲಿನ ಆವಿಪಾತ್ರೆಯನ್ನು ಮಾಡಿದ್ದರು. ೧೯೫೯ರಲ್ಲಿ ಇದೇ ಮುಂಬಯಿಯಲ್ಲಿ ಹಾಕಿನ್ಸ್ ಕಂಪೆನಿ ಸ್ಥಾಪನೆಯಾದ ಮೇಲೆ ಸೀಟಿ ಹೊಡೆಯುವ ಕುಕ್ಕರು ಇಲ್ಲಿನ ಮನೆಮನೆಗೆ ಪರಿಚಯವಾಯಿತು. ನಾಲ್ಕು ಜನ ಕೂಡಿ ಇರುವ ಖೋಲಿಯಲ್ಲಿ ಒಂದು ಸಣ್ಣ ಕುಕ್ಕರನ್ನು ವಂತಿಗೆ ಹಾಕಿ ಕೊಂಡರೆ ಅದರ ಬೆಲೆ ಕೆಲವೇ ತಿಂಗಳುಗಳಲ್ಲಿ ಗ್ಯಾಸಿನ ಉಳಿತಾಯದಲ್ಲಿಯೇ ಹಿಂತಿರುಗಬಹುದು. ಕುಕ್ಕರಿಲ್ಲದವರು ನೆನೆದ ಹೆಸರನ್ನೋ ಮಡಿಕೆಯನ್ನೋ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿ, ಹಳೆಯ ಕಂಬಳಿಯಲ್ಲಿ ಸುತ್ತಿಟ್ಟರೆ ಒಂದು ತಾಸಿನಲ್ಲಿ ಆ ಶಾಖದಲ್ಲಿಯೇ ಹದವಾಗಿರುತ್ತದೆ. ರಾಜ್ಮಾಕ್ಕೆ ಮಾತ್ರ ಈ ಉಪಾಯ ಕೂಡದು.

ಮೂರು ಸರಳ ಅಡಿಗೆಗಳು

ಮಡಿಕೆಕಾಳಿನ ಉಸಳಿ: ಇಬ್ಬರಿಗೆ ಒಂದು ಕಟಿಂಗ್ ಗ್ಲಾಸು ಒಣ ಕಾಳು. ನೆನೆಸಿ ಮೊಳಕೆ ಬರಿಸಿದ್ದನ್ನು ಒಂದು ಚಮಚೆ ಎಣ್ಣೆಯ ಸಾಸಿವೆ, ಕರಿಬೇವು, ಈರುಳ್ಳಿಯ ಒಗ್ಗರಣೆಗೆ ಹಾಕಿ, ಅರಿಸಿನ, ಖಾರದ ಪುಡಿ, ಉಪ್ಪು ಸೇರಿಸಿ, ಕಾಳು ಮುಳುಗುವಷ್ಟು ನೀರೆರೆದು ಮುಚ್ಚಿ ಬೇಯಿಸಬೇಕು. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ತಿನ್ನುವಾಗ ಅರ್ಧ ಲಿಂಬೆ ಹಿಂಡಿಕೊಳ್ಳಬೇಕು. ರೊಟ್ಟಿ, ಚಪಾತಿ, ಪಾವ್ ಯಾವುದಕ್ಕೂ ಒಗ್ಗುತ್ತದೆ. ಡಬ್ಬಿಯಲ್ಲಿ ಒಯ್ಯಲು ಇದಕ್ಕಿಂತ ಅನುಕೂಲವಾದದ್ದಿಲ್ಲ, ಚೆಲ್ಲುವ ಭಯವಿಲ್ಲ.

ಹುರುಳಿ, ಒಂದರಲ್ಲಿ ಎರಡು: ರಾತ್ರಿ ನೆನೆಸಿದ ಹುರುಳಿಯನ್ನು ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಬೇಯಿಸಿ ಬಸಿಯಬೇಕು. ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಿಸೆರಸ ಸೇರಿಸಿ ಕುದಿಸಿದರೆ ಸಾರು. ಬೆಂದ ಕಾಳಿಗೆ ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯ. ಸಾರು ಮಾತ್ರ ಉಂಡು ಕಾಳನ್ನು ಬಿಡುವವರುಂಟು. ಕಾಳಿನಲ್ಲಿಯೇ ಸತ್ವ ಹೆಚ್ಚು. ಹುರುಳಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವೂ ಇತರ ಅನೇಕ ಕಾಳುಗಳಿಗಿಂತ ಹೆಚ್ಚಾಗಿದೆ.

ಹೆಸರಿನ ಹುಗ್ಗಿ: ರಾತ್ರಿಪಾಳಿಯಿಂದ ದಣಿದು ಬಂದವರಿಗೆ ಇದು ತಕ್ಕದ್ದು. ಎರಡು ಪಾಲು ಪಡಿತರದ ಅಕ್ಕಿಗೆ ಒಂದು ಪಾಲು ಸಿಪ್ಪೆಸಹಿತ ಹೆಸರುಬೇಳೆ. ಮೆಣಸು, ಜೀರಿಗೆ, ಶುಂಠಿ, ಅರಿಸಿನ, ಉಪ್ಪು. ಕೈಗೆ ಸಿಕ್ಕ ಮೆಂತ್ಯಸೊಪ್ಪೋ ಪಾಲಕವೋ. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಸ್ನಾನ ಮುಗಿಯುವುದರೊಳಗೆ ಸಿದ್ಧ.

ವಾರಕ್ಕೆ ಒಂದು ಕ್ರಮ ಇಟ್ಟುಕೊಂಡರೆ ಬೇಸರವಿರುವುದಿಲ್ಲ. ಸೋಮವಾರ ಹೆಸರು, ಮಂಗಳವಾರ ಅಲಸಂದೆ, ಬುಧವಾರ ಮಡಿಕೆ, ಗುರುವಾರ ಕಡಲೆ, ಶುಕ್ರವಾರ ಮಸೂರು, ಶನಿವಾರ ಹುರುಳಿ, ಭಾನುವಾರ ಬಿಡುವಿರುವುದರಿಂದ ಸುಲಿಯುವ ಕೆಲಸವಿರುವ ಅವರೆ. ಖೋಲಿಯಲ್ಲಿ ಕೂಡಿ ಅಡಿಗೆ ಮಾಡುವವರು ನೆನೆಹಾಕುವುದನ್ನೂ ಪಾಳಿಗೆ ಸೇರಿಸಿಕೊಳ್ಳಲಿ. ಅದನ್ನು ಮರೆತರೆ ಮರುದಿನ ಎಲ್ಲರಿಗೂ ನೀರುಸಾರೇ.

ಹೊರಗೆ ತಿನ್ನುವವರಿಗೆ

ಅಡಿಗೆಯ ಅನುಕೂಲವೇ ಇಲ್ಲದವರು ಏನು ಮಾಡಬೇಕು? ಅವರಿಗೂ ಮಾರ್ಗವಿದೆ. ವಡಾಪಾವ್ ತಿನ್ನುವ ಹೊತ್ತಿನಲ್ಲಿ ವಾರಕ್ಕೆ ಮೂರು ದಿನ ಉಸಳ್-ಪಾವ್ ಕೇಳಬಹುದು. ಮಿಸಳ್ ಕೂಡ ಕಾಳಿನದೇ. ಮೇಲೆ ತೇಲುವ ಎಣ್ಣೆಯ ತರ್ರಿಯನ್ನು ಕಡಿಮೆ ಹಾಕಿಸಿಕೊಂಡರಾಯಿತು. ಬಿಳಿ ಬಟಾಣಿಯ ರಗಡಾ ಮತ್ತೊಂದು. ಸ್ಟೇಷನ್ ಬಾಗಿಲಿನಲ್ಲಿ ಕಾಗದದ ಪೊಟ್ಟಣದಲ್ಲಿ ಹುರಿಗಡಲೆ, ಶೇಂಗಾ ಮಾರುವವನು ನಮ್ಮ ಆರೋಗ್ಯದ ಸ್ನೇಹಿತ. ಒಂದೊಂದು ಹಿಡಿ ಹುರಿಗಡಲೆ, ಶೇಂಗಾ ಸೇರಿದರೆ ಹೆಚ್ಚುಕಡಿಮೆ ಎರಡು ಮೂರು ಮೊಟ್ಟೆಯ ಸಸಾರಜನಕವಾಗುತ್ತದೆ, ಬೇಯಿಸುವ ಗೊಡವೆಯಿಲ್ಲ. ಖಾನಾವಳಿಯಲ್ಲಿ ಉಣ್ಣುವವರು ನಾಲ್ಕು ಜನ ಸೇರಿ ಅಕ್ಕನವರಲ್ಲಿ ವಿನಯದಿಂದ ಕೇಳಿ, ಒಂದೆರಡು ರೂಪಾಯಿ ಹೆಚ್ಚು ಕೊಟ್ಟಾದರೂ ದಿನಕ್ಕೊಂದು ಕಾಳುಪಲ್ಯ ಮಾಡಿಸಿಕೊಳ್ಳಬಹುದು. ಕೇಳದೆ ಬಡಿಸುವವರಿಲ್ಲ.

ಒಂದು ಅಭ್ಯಾಸವನ್ನು ಮಾತ್ರ ತಿದ್ದಿಕೊಳ್ಳಬೇಕು. ಊಟದ ಜೊತೆಗೇ ಚಹಾ ಕುಡಿದರೆ ಕಾಳಿನಲ್ಲಿರುವ ಕಬ್ಬಿಣ ಮೈಗೆ ಸೇರದೆ ಹೋಗುತ್ತದೆ. ಊಟವಾಗಿ ಒಂದು ತಾಸು ಬಿಟ್ಟು ಚಹಾ ಕುಡಿಯಲಿ. ಊಟದೊಡನೆ ಲಿಂಬೆಯೋ ಹಸಿಟೊಮೇಟೊವೋ ಇರಲಿ.

ಮನೆಯ ಹೆಂಗಸರ ಪಾಲು

ಸಂಸಾರವಂದಿಗರಿಗೆ ಒಂದು ಮಾತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದೆ. ಗಂಡನಿಗೆ, ಮಕ್ಕಳಿಗೆ ಬಡಿಸಿ ಕೊನೆಗೆ ಉಣ್ಣುವಾಕೆಯ ತಟ್ಟೆಗೆ ಪಾತ್ರೆಯ ತಳದ ಸಾರು ಬರುತ್ತದೆ. ಕಾಳು ಮೊದಲೇ ಮುಗಿದಿರುತ್ತದೆ. ಬಡಿಸುವ ಮೊದಲೇ ಆಕೆಯ ಪಾಲಿನ ಕಾಳನ್ನು ಬೇರೆ ಬಟ್ಟಲಲ್ಲಿ ತೆಗೆದಿಡುವ ಪದ್ಧತಿ ಪ್ರತಿಯೊಂದು ಮನೆಯಲ್ಲಿಯೂ ಬರಬೇಕು. ಇದಕ್ಕೆ ಹಣವೂ ಬೇಡ, ಕಾಯಿ‌ದೆಯೂ ಬೇಡ, ಮನೆಯ ಯಜಮಾನನು ಒಂದು ಮಾತು ಕೇಳಿದರೆ ಸಾಕು: "ನಿನಗೆ ಉಳಿಯಿತೇ?"

ಮೂತ್ರಪಿಂಡದ ಕಾಯಿಲೆಯುಳ್ಳವರು ಮತ್ತು ಕೀಲುಗಳಲ್ಲಿ ಯೂರಿಕ್ ಆಮ್ಲದ ಬಾಧೆಯುಳ್ಳವರು ಕಾಳಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಉಳಿದವರಿಗೆ ಇಲ್ಲಿ ಹೇಳಿದ ಅಳತೆ ಹಿತಕರವಾದದ್ದೇ.

ಸಂಯುಕ್ತ ರಾಷ್ಟ್ರಗಳು ೨೦೧೬ನೆಯ ವರ್ಷವನ್ನು ದ್ವಿದಳ ಧಾನ್ಯಗಳ ವರ್ಷವೆಂದು ಆಚರಿಸಿದವು; ೨೦೧೯ರಿಂದ ಫೆಬ್ರುವರಿ ೧೦ ಇವುಗಳ ವಿಶ್ವದಿನವಾಗಿದೆ. ಆಚರಣೆಗಳು ಬರಲಿ, ಹೋಗಲಿ. ಊರಿಗೆ ಹಣ ಕಳಿಸುವುದಕ್ಕಾಗಿ ತನ್ನ ಊಟದಲ್ಲಿ ಕಡಿತ ಮಾಡಿಕೊಳ್ಳುವವನು ತಾನು ಉಳಿಸುತ್ತಿದ್ದೇನೆಂದು ತಿಳಿದಿರುತ್ತಾನೆ. ಆದರೆ ಆ ಹಣವನ್ನು ಗಳಿಸುವ ಬಂಡವಾಳ ಅವನ ಮೈಯೇ. ಬಂಡವಾಳವನ್ನು ಕರಗಿಸಿ ಲಾಭ ತೋರಿಸುವ ಅಂಗಡಿ ಎಷ್ಟು ದಿನ ನಡೆದೀತು? ಈ ಪತ್ರಿಕೆಯನ್ನು ಮಡಿಸಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯಿಂದ ಕಾಲು ಕಿಲೋ ಯಾವುದಾದರೂ ಒಂದು ಕಾಳನ್ನು ಕೊಳ್ಳಿರಿ. ಮಲಗುವ ಮುನ್ನ ತಲೆಗೊಂದು ಕಟಿಂಗ್ ಗ್ಲಾಸಿನಂತೆ ಅಳೆದು ನೀರಿಗೆ ಹಾಕಿರಿ. ನಾಳೆಯ ಸಾರಿನಲ್ಲಿ ಬೇಳೆಯೆಷ್ಟೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.